ಅಂಕೆ ಓದೋಣ, ಉಪ್ಪು ಅಳೆಯೋಣ

ಜ್ವರ ಬಂದರೆ ಮೈ ಸುಡುತ್ತದೆ. ಹಲ್ಲು ನೋವು ಬಂದರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಅಲ್ಲೇ ಕೂತು ತೆಗೆಯುತ್ತೇವೆ. ಕಾಯಿಲೆ ಅಂದರೆ ನೋವು ಇದ್ದೇ ಇರುತ್ತದೆ ಅಂತ ನಾವೆಲ್ಲ ತಿಳಿದಿದ್ದೇವೆ.

ಆದರೆ ಒಂದು ಕಾಯಿಲೆಗೆ ನೋವೇ ಇಲ್ಲ. ಅದು ಬಂದು ಐದು ವರ್ಷ, ಹತ್ತು ವರ್ಷ ಆದರೂ ಗೊತ್ತಾಗೋದಿಲ್ಲ. ಉಣ್ಣುತ್ತೇವೆ, ದುಡಿಯುತ್ತೇವೆ, ಮದುವೆ ಮನೆಗೆ ಹೋಗಿ ಬರುತ್ತೇವೆ. ಒಂದು ದಿನ ಬೆಳಿಗ್ಗೆ ಏಳುವಾಗ ಒಂದು ಕೈ ಏಳೋದಿಲ್ಲ. ಒಂದು ಕಾಲು ಏಳೋದಿಲ್ಲ. ಬಾಯಿ ಸೊಟ್ಟಗಾಗಿರುತ್ತದೆ. "ಅಯ್ಯೋ, ನಿನ್ನೆ ಚೆನ್ನಾಗೇ ಇದ್ದಳಲ್ಲ!" ಅಂತ ಊರೆಲ್ಲ ಹೇಳುತ್ತದೆ.

ಆಕೆ ನಿನ್ನೆ ಚೆನ್ನಾಗಿರಲಿಲ್ಲ. ಚೆನ್ನಾಗಿದ್ದ ಹಾಗೆ ಕಾಣುತ್ತಿದ್ದಳು, ಅಷ್ಟೇ.

ಈ ಕಾಯಿಲೆಯ ಹೆಸರು ಅಧಿಕ ರಕ್ತದೊತ್ತಡ. ನಾವು ಮಾತಿನಲ್ಲಿ ಬಿಪಿ ಅನ್ನುತ್ತೇವೆ. 2019ರಿಂದ 2021ರವರೆಗೆ ಸರ್ಕಾರ ದೇಶದ ಮನೆ ಮನೆಗೆ ಹೋಗಿ ಆರೋಗ್ಯ ಸಮೀಕ್ಷೆ ಮಾಡಿಸಿತು. ಹದಿನೈದು ವರ್ಷ ದಾಟಿದ ಐವರು ಹೆಂಗಸರಲ್ಲಿ ಒಬ್ಬರಿಗೆ ಬಿಪಿ ಇದೆ ಅಂತ ಅದರಲ್ಲಿ ಗೊತ್ತಾಯಿತು. ಅಡಿಕೆ ಸುಲಿಯೋದಕ್ಕೆ ಹತ್ತು ಮಂದಿ ಕೂತರೆ, ಅವರಲ್ಲಿ ಇಬ್ಬರಿಗೆ ಇದ್ದ ಹಾಗೆ ಲೆಕ್ಕ.

ವರದಹಳ್ಳಿ ಸುತ್ತಮುತ್ತಿನ ಊರುಗಳಲ್ಲಿ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ನಮ್ಮೆಲ್ಲರ ಬದುಕೂ ಹೆಚ್ಚು ಕಡಿಮೆ ಒಂದೇ. ಅದೇ ತೋಟ, ಅದೇ ಗದ್ದೆ, ಅದೇ ಮಳೆಗಾಲ. ಈ ಬದುಕಿಗೂ ಬಿಪಿಗೂ ಏನು ನಂಟು? ಅದನ್ನು ಇಳಿಸೋದು ಹೇಗೆ? ನೋಡೋಣ.

ಒತ್ತಡ ಅಂದರೆ ಏನು?

ತೋಟಕ್ಕೆ ನೀರು ಬಿಡುವ ಪಂಪ್‌ಸೆಟ್ ನೋಡಿದ್ದೇವೆ. ಮೋಟರು ನೀರನ್ನು ಪೈಪಿಗೆ ತಳ್ಳುತ್ತದೆ. ನೀರು ಪೈಪಿನ ಗೋಡೆಯನ್ನು ಒತ್ತುತ್ತಾ ಮುಂದೆ ಹೋಗುತ್ತದೆ. ಒತ್ತಡ ಹದವಾಗಿದ್ದರೆ ಕೊನೆಯ ಮರದ ಬುಡಕ್ಕೂ ನೀರು ಸಿಗುತ್ತದೆ. ಒತ್ತಡ ಅತಿಯಾದರೆ? ಪೈಪು ಬೇಗ ಹಾಳಾಗುತ್ತದೆ. ಒಂದು ದಿನ ಎಲ್ಲೋ ಒಂದು ಕಡೆ ಒಡೆಯುತ್ತದೆ. ಮೋಟರಿಗೂ ಆಯಾಸ.

ನಮ್ಮ ಹೃದಯವೇ ಮೋಟರು. ರಕ್ತನಾಳಗಳೇ ಪೈಪು. ಒತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ರಕ್ತನಾಳ ಗಡುಸಾಗುತ್ತದೆ. ಮೆದುಳಿನಲ್ಲಿ ನಾಳ ಒಡೆದರೆ ಅಥವಾ ಕಟ್ಟಿಕೊಂಡರೆ ಲಕ್ವ ಹೊಡೆಯುತ್ತದೆ. ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡರೆ ಹೃದಯಾಘಾತ. ಕಿಡ್ನಿ ಕೆಡುತ್ತದೆ. ಕಣ್ಣು ಮಂಜಾಗುತ್ತದೆ. ಎಲ್ಲದಕ್ಕೂ ಮೂಲ ಒಂದೇ.

ಅಂಕೆ ಓದೋದು ಹೇಗೆ?

ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಪಿ ನೋಡುತ್ತಾರೆ. ಆಮೇಲೆ ಚೀಟಿಯಲ್ಲಿ ಎರಡು ಅಂಕೆ ಬರೆಯುತ್ತಾರೆ.

120/80

ಮೊದಲನೆಯದು ಮೇಲಿನ ಅಂಕೆ. ಹೃದಯ ರಕ್ತವನ್ನು ತಳ್ಳುವಾಗ ಇರುವ ಒತ್ತಡ ಅದು. ಎರಡನೆಯದು ಕೆಳಗಿನ ಅಂಕೆ. ಎರಡು ಬಡಿತದ ನಡುವೆ ಹೃದಯ ಸುಧಾರಿಸಿಕೊಳ್ಳುವಾಗ ಇರುವ ಒತ್ತಡ.

120/80 ಅಥವಾ ಅದರ ಆಸುಪಾಸು ಇದ್ದರೆ ಒಳ್ಳೆಯದು.
ಮೇಲಿನ ಅಂಕೆ 130 ದಾಟಿದರೆ ಎಚ್ಚರ ಬೇಕು.
ಮೇಲಿನದು 140 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಬಿಪಿ ಇದೆ ಅಂತ ಅನುಮಾನ.
ಕೆಳಗಿನದು 90 ಅಥವಾ ಅದಕ್ಕಿಂತ ಜಾಸ್ತಿ ಇದ್ದರೂ ಅದೇ ಅನುಮಾನ. ಎರಡರಲ್ಲಿ ಒಂದು ಏರಿದ್ದರೂ ಸಾಕು.

ಒಂದೇ ಸಲ ನೋಡಿ ತೀರ್ಮಾನ ಮಾಡೋದಿಲ್ಲ. ಗುಡ್ಡ ಹತ್ತಿ ಬಂದ ಕೂಡಲೇ ನೋಡಿದರೆ ಅಂಕೆ ಏರಿರುತ್ತದೆ. ಕಾಫಿ ಕುಡಿದಿದ್ದರೆ, ಕವಳ ಹಾಕಿದ್ದರೆ, ಮೂತ್ರ ತಡೆದುಕೊಂಡಿದ್ದರೆ ಕೂಡ ಏರುತ್ತದೆ. ಅದಕ್ಕೇ ಅರ್ಧ ಗಂಟೆ ಮೊದಲಿನಿಂದ ಕಾಫಿ, ಕವಳ ಬೇಡ. ಐದು ನಿಮಿಷ ಬೆನ್ನು ಆನಿಸಿ ಸುಮ್ಮನೆ ಕೂರಬೇಕು. ಪಟ್ಟಿ ಕಟ್ಟಿದಾಗ ಮಾತಾಡಬಾರದು. ಬೇರೆ ಬೇರೆ ದಿನ ನೋಡಿದಾಗಲೂ ಅಂಕೆ ಜಾಸ್ತಿಯೇ ಬಂದರೆ ಬಿಪಿ ಇದೆ ಅಂತ ಡಾಕ್ಟರು ಹೇಳುತ್ತಾರೆ.

ಮೂವತ್ತು ವರ್ಷ ದಾಟಿದವರು ವರ್ಷಕ್ಕೆ ಒಮ್ಮೆಯಾದರೂ ನೋಡಿಸಬೇಕು. ಊರಿನ ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡುತ್ತಾರೆ. ದುಡ್ಡು ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಹೋಗಬೇಕು ಅಂತ ಹೇಳುತ್ತಾರೆ.

ನೋಡಿದ ಮೇಲೆ "ಸರಿ ಇದೆ" ಅಂದರೆ ಅಷ್ಟಕ್ಕೇ ಎದ್ದು ಬರಬೇಡಿ. "ಎಷ್ಟು ಬಂತು?" ಅಂತ ಕೇಳಿ. ಬರೆಸಿಕೊಳ್ಳಿ. ನಾವೀಗ ಓದು ಕಲಿತಿದ್ದೇವೆ. ನಮ್ಮ ಮೈಯ ಅಂಕೆಯನ್ನು ನಾವೇ ಓದೋಣ.

ಬಿಪಿ ಅಂದರೆ ಸಿಟ್ಟಲ್ಲ

"ಅವಳಿಗೆ ಬಿಪಿ, ಸಿಟ್ಟು ಜಾಸ್ತಿ" ಅಂತ ನಾವು ಹೇಳೋದುಂಟು. ಅದು ತಪ್ಪು. ಸಿಟ್ಟು ಬಂದಾಗ ಒತ್ತಡ ಏರುತ್ತದೆ, ಸಿಟ್ಟು ಇಳಿದ ಮೇಲೆ ಅದೂ ಇಳಿಯುತ್ತದೆ. ಸಿಟ್ಟೇ ಬಾರದ, ತಣ್ಣಗೆ ಇರುವ ಅಜ್ಜಿಗೂ ಬಿಪಿ ಬರುತ್ತದೆ.

"ತಲೆ ಸುತ್ತಿದರೆ ಮಾತ್ರ ಬಿಪಿ" ಅನ್ನೋದೂ ತಪ್ಪು. ತಲೆ ಸುತ್ತೋದಕ್ಕೆ ಹಸಿವು, ರಕ್ತ ಕಡಿಮೆ, ಕಿವಿಯ ತೊಂದರೆ ಹೀಗೆ ನೂರು ಕಾರಣ. "ಬಿಪಿ ಲೋ ಆಗಿದೆ" ಅಂತ ಅಂದಾಜಿನ ಮೇಲೆ ಉಪ್ಪು ನೀರು ಕುಡಿಯಬೇಡಿ. ಅಳೆಸದೆ ಯಾರಿಗೂ ಗೊತ್ತಾಗೋದಿಲ್ಲ.

ಯಾಕೆ ಏರುತ್ತದೆ?

ಕೆಲವು ಕಾರಣ ನಮ್ಮ ಕೈಯಲ್ಲಿಲ್ಲ. ವಯಸ್ಸಾದ ಹಾಗೆ ರಕ್ತನಾಳ ಗಡುಸಾಗುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಬಿಪಿ ಹೆಚ್ಚು. ಅಪ್ಪ ಅಮ್ಮನಿಗೆ ಇದ್ದರೆ ಮಕ್ಕಳಿಗೂ ಬರಬಹುದು. ಸಕ್ಕರೆ ಕಾಯಿಲೆ, ಕಿಡ್ನಿ ಕಾಯಿಲೆ ಇದ್ದವರಿಗೂ ಬರುತ್ತದೆ.

ಕೆಲವು ಕಾರಣ ನಮ್ಮ ಕೈಯಲ್ಲಿವೆ. ಉಪ್ಪು, ಹೊಗೆಸೊಪ್ಪು, ಹೆಂಡ, ಹೆಚ್ಚಿದ ತೂಕ, ಮೈ ಆಡಿಸದೆ ಕೂರೋದು, ನಿದ್ದೆಗೆಡೋದು. ಇವುಗಳಲ್ಲಿ ನಮ್ಮ ಮಲೆನಾಡಿನ ಮನೆಗಳಲ್ಲಿ ಮೊದಲು ನೋಡಬೇಕಾದ್ದು ಉಪ್ಪು.

ಜಾಡಿಯ ಒಳಗಿನ ಉಪ್ಪು

ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಹೆಚ್ಚು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ. ನಾಳದಲ್ಲಿ ಹರಿಯೋದು ಜಾಸ್ತಿ ಆಗುತ್ತದೆ. ಒತ್ತಡ ಏರುತ್ತದೆ.

"ಸಾರಿಗೆ ನಾವು ಹದವಾಗೇ ಉಪ್ಪು ಹಾಕೋದು" ಅಂತ ಎಲ್ಲರೂ ಹೇಳುತ್ತೇವೆ. ನಿಜ. ಆದರೆ ಅಟ್ಟದ ಮೇಲಿನ ಜಾಡಿ, ಭರಣಿ ನೋಡೋಣ. ಮಳೆಗಾಲದಲ್ಲಿ ತರಕಾರಿ ಸಿಗೋದು ಕಷ್ಟ. ಅದಕ್ಕೇ ನಮ್ಮ ಹಿರಿಯರು ಬೇಸಿಗೆಯಲ್ಲೇ ಎಲ್ಲವನ್ನೂ ಉಪ್ಪಿನಲ್ಲಿ ಕೂಡಿಟ್ಟರು. ಅಪ್ಪೆಮಿಡಿ ಉಪ್ಪಿನಕಾಯಿ. ಹಲಸಿನ ಉಪ್ಪುಸೊಳೆ. ಉಪ್ಪುನೀರಿನ ಮಾವಿನಕಾಯಿ, ಕಳಲೆ. ಮಜ್ಜಿಗೆ ಮೆಣಸು. ಹಪ್ಪಳ, ಸಂಡಿಗೆ. ಮೀನು ತಿನ್ನುವ ಮನೆಯಲ್ಲಿ ಉಪ್ಪು ಹಾಕಿದ ಒಣಮೀನು. ಇದು ಜಾಣತನದ ಕೆಲಸ. ಮಳೆಗಾಲ ಕಳೆದದ್ದೇ ಇದರಿಂದ. ಆದರೆ ಉಪ್ಪೆಲ್ಲ ಒಳಗೇ ಇದೆ.

ಈಗ ಇದರ ಜೊತೆಗೆ ಅಂಗಡಿಯ ಚಿಪ್ಸು, ಮಿಕ್ಸ್ಚರು, ಬ್ರೆಡ್ಡು, ಬಿಸ್ಕತ್ತು ಸೇರಿದೆ. ಸಿಹಿ ಬಿಸ್ಕತ್ತಿನಲ್ಲೂ ಉಪ್ಪು ಇರುತ್ತದೆ.

ಇನ್ನೊಂದು ಮಾತು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣೋದು ಯಾರು? ನಾವು. ಆಗ ಪಲ್ಯ ಮುಗಿದಿರುತ್ತದೆ. "ನಂಗೆ ಗಂಜಿ, ಉಪ್ಪಿನಕಾಯಿ ಸಾಕು" ಅನ್ನುತ್ತೇವೆ. ಸೊಪ್ಪು, ತರಕಾರಿ ಬೇರೆಯವರ ಬಾಳೆಗೆ, ಉಪ್ಪಿನಕಾಯಿ ನಮ್ಮ ಬಾಳೆಗೆ. ಇದನ್ನು ಮೊದಲು ಬದಲಾಯಿಸಬೇಕು. ಪಲ್ಯದಲ್ಲಿ ನಮ್ಮ ಪಾಲನ್ನು ಮೊದಲೇ ತೆಗೆದಿಡೋಣ.

ದೂರದ ಊರೊಂದರ ಕಥೆ

ಜಪಾನ್ ದೇಶದ ಉತ್ತರದಲ್ಲಿ ಅಕಿಟಾ ಅನ್ನೋ ಸೀಮೆ ಇದೆ. ಅಲ್ಲೂ ಭತ್ತ ಬೆಳೆಯುತ್ತಾರೆ. ನಮಗೆ ಮಳೆ ಹೇಗೋ ಅವರಿಗೆ ಹಿಮ ಹಾಗೆ. ಚಳಿಗಾಲದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ಬೆಳೆ ಇಲ್ಲ. ಅವರೂ ತರಕಾರಿ, ಮೀನು ಎಲ್ಲವನ್ನೂ ಉಪ್ಪಿನಲ್ಲಿ ಹಾಕಿಡುತ್ತಿದ್ದರು. 1950ರ ಹೊತ್ತಿಗೆ ಅಲ್ಲಿ ಒಬ್ಬರು ದಿನಕ್ಕೆ ತಿನ್ನುವ ಉಪ್ಪು 25 ಗ್ರಾಂ ದಾಟುತ್ತಿತ್ತು. ಅಲ್ಲಿ ಲಕ್ವ ಹೊಡೆದು ಸಾಯೋರೂ ಬಹಳ. ಇಡೀ ಜಪಾನಿನಲ್ಲೇ 1951ರಿಂದ 1980ರವರೆಗೆ ಸಾವಿಗೆ ಮೊದಲ ಕಾರಣ ಲಕ್ವ.

ಆಮೇಲೆ ಆರೋಗ್ಯ ಕಾರ್ಯಕರ್ತರು ಹಳ್ಳಿ ಹಳ್ಳಿಯಲ್ಲಿ ಬಿಪಿ ಅಳೆದರು. ಇದ್ದವರಿಗೆ ಮಾತ್ರೆ ಕೊಟ್ಟರು. ಅಡಿಗೆಗೆ ಉಪ್ಪು ಕಡಿಮೆ ಮಾಡೋದನ್ನು ಹೆಂಗಸರಿಗೆ ಕಲಿಸಿದರು. ಕೆಲವೇ ದಶಕಗಳಲ್ಲಿ ಲಕ್ವದ ಸಾವು ಬಹಳ ಇಳಿಯಿತು. ಅವರೇನೂ ಉಪ್ಪಿನಕಾಯಿ ಬಿಟ್ಟುಬಿಡಲಿಲ್ಲ. ಅಳತೆ ಕಲಿತರು.

ಉಪ್ಪಿನ ಲೆಕ್ಕ

ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 5 ಗ್ರಾಂ ಅಂದರೆ ಟೀ ಚಮಚದಲ್ಲಿ ಮಟ್ಟಸವಾಗಿ ಒಂದು ಚಮಚ. ಸಾರು, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ ಎಲ್ಲಾ ಸೇರಿ ಅಷ್ಟೇ.

ಈಗ ಒಂದು ಕೆಲಸ ಮಾಡೋಣ. ಹೊಸ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದು ಮುಗಿದ ದಿನವೂ ಗುರುತು ಹಾಕಿ. ನಡುವೆ ಎಷ್ಟು ದಿನ ಅಂತ ಎಣಿಸಿ.

ಮನೆಯಲ್ಲಿ 2 ಜನ ಇದ್ದರೆ 100 ದಿನ ಬರಬೇಕು.
4 ಜನ ಇದ್ದರೆ 50 ದಿನ.
5 ಜನ ಇದ್ದರೆ 40 ದಿನ.
8 ಜನ ಇದ್ದರೆ 25 ದಿನ.

ಇದಕ್ಕಿಂತ ಬೇಗ ಮುಗಿದರೆ ನಾವು ಹೆಚ್ಚು ತಿನ್ನುತ್ತಿದ್ದೇವೆ ಅಂತ ಅರ್ಥ. ಉಪ್ಪಿನಕಾಯಿಯ ಉಪ್ಪು, ಅಂಗಡಿ ತಿಂಡಿಯ ಉಪ್ಪು ಬೇರೆ ಇದೆ. ಹಾಗಾಗಿ ಪ್ಯಾಕೆಟ್ ಈ ಲೆಕ್ಕಕ್ಕಿಂತಲೂ ಹೆಚ್ಚು ದಿನ ಬಂದರೇ ಒಳ್ಳೆಯದು. ದನಕ್ಕೆ ಹಾಕುವ ಉಪ್ಪನ್ನು ಬೇರೆ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಕಡಿಮೆ ಮಾಡೋದು ಹೇಗೆ?

ಒಮ್ಮೆಗೇ ಬಿಡೋದು ಬೇಡ. ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡೋಣ. ಒಂದೆರಡು ತಿಂಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಉಪ್ಪು ಕಡಿಮೆಯಾದಾಗ ಹುಳಿ ಕೈ ಹಿಡಿಯುತ್ತದೆ. ನಮ್ಮಲ್ಲಿ ಹುಳಿಗೇನು ಬರ? ನಿಂಬೆ, ವಾಟೆಹುಳಿ, ಮುರುಗಲು ಇದೆ. ಶುಂಠಿ, ಜೀರಿಗೆ, ಕಾಳುಮೆಣಸು ಇದೆ. ಒಂದೆಲಗ, ಚಕ್ರಮುನಿ, ಸಾಂಬಾರ ಸೊಪ್ಪಿನ ತಂಬುಳಿಗೆ ಚಿಟಿಕೆ ಉಪ್ಪು ಸಾಕು. ಸೊಪ್ಪು, ತರಕಾರಿ, ಬಾಳೆಹಣ್ಣು ಬಿಪಿ ಇಳಿಸೋದಕ್ಕೆ ಒಳ್ಳೆಯದು. ಕಿಡ್ನಿ ತೊಂದರೆ ಇರೋರು ಮಾತ್ರ ಇವನ್ನು ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನು ಕೇಳಬೇಕು.

ಊಟಕ್ಕೆ ಕೂತಾಗ ಬಾಳೆಯ ತುದಿಗೆ ಉಪ್ಪು ಬಡಿಸೋದು ನಿಲ್ಲಿಸೋಣ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಬೇಡ. ಉಪ್ಪುಸೊಳೆಯನ್ನು ಎರಡು ಮೂರು ಸಲ ನೀರು ಬದಲಿಸಿ ನೆನೆಸಿ, ಹಿಂಡಿ ಬಳಸೋಣ. ಅಪ್ಪೆಮಿಡಿ ದಿನಕ್ಕೊಂದು ಹೋಳು ಸಾಕು. ಅದರ ರಸ ಅನ್ನಕ್ಕೆ ಕಲೆಸಬೇಡಿ. ಹಪ್ಪಳ ಹಬ್ಬಕ್ಕಿರಲಿ.

ಕಲ್ಲುಪ್ಪು, ಸೈಂಧವ ಉಪ್ಪು ತಿಂದರೆ ಬಿಪಿ ಬರೋದಿಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಸುಳ್ಳು. ಉಪ್ಪು ಯಾವುದಾದರೂ ಉಪ್ಪೇ. ಅಯೋಡಿನ್ ಇರುವ ಉಪ್ಪನ್ನೇ ತನ್ನಿ, ಕಡಿಮೆ ಬಳಸಿ.

ಕವಳ ಮತ್ತು ನೋವಿನ ಮಾತ್ರೆ

ಅಡಿಕೆ ಕೊಯ್ಲಿನ ಕಾಲ ಬಂತು ಅಂದರೆ ರಾತ್ರಿವರೆಗೂ ಮೆಟ್ಟುಗತ್ತಿಯ ಮುಂದೆ ಕೂರುತ್ತೇವೆ. ನಿದ್ದೆ ಬರದ ಹಾಗೆ ಕವಳ ಹಾಕುತ್ತೇವೆ. ಕವಳದ ಜೊತೆ ಹೊಗೆಸೊಪ್ಪು ಸೇರುತ್ತದೆ. ಹೊಗೆಸೊಪ್ಪು ಎದೆಬಡಿತ ಹೆಚ್ಚಿಸುತ್ತದೆ, ಒತ್ತಡ ಏರಿಸುತ್ತದೆ. ಅಡಿಕೆ, ಹೊಗೆಸೊಪ್ಪು ಎರಡರಿಂದಲೂ ಬಾಯಿಯ ಕ್ಯಾನ್ಸರ್ ಬರುತ್ತದೆ. ಮೊದಲು ಹೊಗೆಸೊಪ್ಪು ಬಿಡೋಣ. ಆಮೇಲೆ ಕವಳವನ್ನೂ ಬಿಡೋಣ.

ಕೂತು ಕೂತು ಸೊಂಟ ನೋವು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತೇವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಅನ್ನೋ ಮಾತ್ರೆಗಳು ಬಿಪಿ ಏರಿಸುತ್ತವೆ. ದಿನಾ ತಿಂದರೆ ಕಿಡ್ನಿಗೂ ಕೆಟ್ಟದ್ದು. ಮಾತ್ರೆಯ ಹಾಳೆಯ ಮೇಲೆ ಹೆಸರು ಇರುತ್ತದೆ. ಓದಿ ನೋಡಿ. ಡಾಕ್ಟರನ್ನು ಕೇಳದೆ ತಿನ್ನಬೇಡಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಸೊಂಟಕ್ಕೂ ಆರಾಮ.

ತೋಟ, ಗದ್ದೆಯಲ್ಲಿ ದಿನವಿಡೀ ದುಡಿಯೋರಿಗೆ ಬೇರೆ ವ್ಯಾಯಾಮ ಬೇಕಾಗಿಲ್ಲ. ಹೆಚ್ಚು ಹೊತ್ತು ಕೂತೇ ಇರೋರು ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ವರದಹಳ್ಳಿಯವರಿಗೆ ಶ್ರೀಧರಾಶ್ರಮದ ಮೆಟ್ಟಿಲು ಇದೆ. ದೇವರ ದರ್ಶನವೂ ಆಯಿತು, ನಡಿಗೆಯೂ ಆಯಿತು. ತೂಕ ಹೆಚ್ಚಿರೋರು ಒಂದು ಕಿಲೋ ಇಳಿಸಿದರೆ ಮೇಲಿನ ಅಂಕೆ ಸುಮಾರು ಒಂದರಷ್ಟು ಇಳಿಯುತ್ತದೆ. ಐದು ಕಿಲೋ ಇಳಿಸಿದರೆ ಎಷ್ಟು ಲಾಭ ನೋಡಿ.

ಈ ಪಾಠವನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಹೆಂಡ, ಬೀಡಿ ಎರಡೂ ಅವರ ಹೃದಯಕ್ಕೆ ಕೇಡು.

ಬಸುರಿಯರಿಗೆ ಎರಡು ಪಟ್ಟು ಎಚ್ಚರ

ಎಂದೂ ಬಿಪಿ ಇಲ್ಲದ ಹುಡುಗಿಗೂ ಬಸುರಿಯಾದಾಗ ಏರಬಹುದು. ಐದು ತಿಂಗಳು ದಾಟಿದ ಮೇಲೆ ಇದು ಹೆಚ್ಚು. ಮುಖ, ಕೈ ಊದಿಕೊಳ್ಳೋದು, ಜೋರು ತಲೆನೋವು, ಕಣ್ಣು ಮಂಜಾಗೋದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು — ಇದರಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಿಟ್ಟರೆ ಫಿಟ್ಸ್ ಬರುತ್ತದೆ. ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. "ಗಾಳಿ ಸೋಕಿದೆ" ಅಂತ ಹೊತ್ತು ಕಳೆಯಬೇಡಿ. ಪ್ರತಿ ಸಲ ತಪಾಸಣೆಗೆ ಹೋದಾಗ ತಾಯಿ ಕಾರ್ಡಿನಲ್ಲಿ ಬಿಪಿ ಅಂಕೆ ಬರೆಸಿ. ಮನೆಗೆ ಬಂದು ಅತ್ತೆಯೂ ಸೊಸೆಯೂ ಕೂತು ಓದಿ.

ಮಾತ್ರೆ ನಿಲ್ಲಿಸಬೇಡಿ

ಉಪ್ಪು ಕಡಿಮೆ ಮಾಡಿದರೆ, ನಡೆದರೆ ಕೆಲವರ ಬಿಪಿ ಹಾಗೇ ಹದಕ್ಕೆ ಬರುತ್ತದೆ. ಹಲವರಿಗೆ ಮಾತ್ರೆಯೂ ಬೇಕು. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಅನ್ನೋ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುತ್ತಾರೆ.

ಇಲ್ಲೇ ಹೆಚ್ಚಿನವರು ಎಡವೋದು. ಒಂದು ತಿಂಗಳು ಮಾತ್ರೆ ತಿನ್ನುತ್ತಾರೆ. ಅಂಕೆ 130ಕ್ಕೆ ಇಳಿಯುತ್ತದೆ. "ವಾಸಿಯಾಯ್ತು ಮಾರಾಯ್ತಿ, ಇನ್ಯಾಕೆ ಮಾತ್ರೆ?" ಅಂತ ನಿಲ್ಲಿಸುತ್ತಾರೆ. ಅಂಕೆ ಇಳಿದದ್ದು ಮಾತ್ರೆಯಿಂದ. ಕೊಡೆ ಹಿಡಿದಾಗ ಮೈ ಒದ್ದೆಯಾಗಲಿಲ್ಲ ಅಂತ ಮಳೆಯಲ್ಲೇ ಕೊಡೆ ಮಡಿಸುತ್ತೇವಾ? ಹಾಗೇ ಇದು.

ಕಾಲು ಊದಿದರೆ, ಕೆಮ್ಮು ಬಂದರೆ, ತಲೆ ಸುತ್ತಿದರೆ ಡಾಕ್ಟರಿಗೆ ಹೇಳಿ. ಬೇರೆ ಮಾತ್ರೆ ಕೊಡುತ್ತಾರೆ. ನೀವೇ ನಿಲ್ಲಿಸಬೇಡಿ. ಬಸುರಾದರೆ ತಕ್ಷಣ ಹೇಳಿ. ಕೆಲವು ಮಾತ್ರೆ ಮಗುವಿಗೆ ಆಗೋದಿಲ್ಲ. ಪಕ್ಕದ ಮನೆಯವರ ಮಾತ್ರೆ ತಿನ್ನಬೇಡಿ. ಮಳೆ ಜೋರಾಗೋ ಮೊದಲೇ ಸಾಕಷ್ಟು ಮಾತ್ರೆ ತಂದಿಟ್ಟುಕೊಳ್ಳಿ.

ನಾಟಿ ಔಷಧಿಯ ಮಾತೂ ಬರುತ್ತದೆ. ನಮ್ಮ ನಾಡಿನ ಸರ್ಪಗಂಧದ ಬೇರು ಬಿಪಿ ಇಳಿಸುತ್ತದೆ ಅನ್ನೋದು ನಿಜ. ಮುಂಬೈಯ ಡಾಕ್ಟರ್ ರುಸ್ತುಂ ಜಲ್ ವಕೀಲ್ ಅವರು 1949ರಲ್ಲಿ ಇದನ್ನು ಇಂಗ್ಲೆಂಡಿನ ವೈದ್ಯ ಪತ್ರಿಕೆಯಲ್ಲಿ ಬರೆದು ಜಗತ್ತಿಗೆ ತಿಳಿಸಿದರು. ಆದರೆ ಬೇರಿನಲ್ಲಿ ಮದ್ದಿನ ಅಂಶ ಎಷ್ಟಿದೆ ಅಂತ ಕಣ್ಣಳತೆಯಲ್ಲಿ ಹೇಳೋಕಾಗೋದಿಲ್ಲ. ಹೆಚ್ಚಾದರೆ ಮನಸ್ಸು ಕುಗ್ಗಿಹೋಗುತ್ತದೆ. ಯಾವ ಮದ್ದು ತಿಂದರೂ ಡಾಕ್ಟರಿಗೆ ಮುಚ್ಚಿಡಬೇಡಿ. ಅಂಕೆ ಅಳೆಸೋದನ್ನು ಬಿಡಬೇಡಿ.

ತಡಮಾಡಬಾರದ ಹೊತ್ತು

ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಅದು ಲಕ್ವ. ಎಣ್ಣೆ ತಿಕ್ಕುತ್ತಾ ಕೂರಬೇಡಿ. ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನು ಮಾಡಿ. ಶುರುವಾದದ್ದು ಎಷ್ಟು ಗಂಟೆಗೆ ಅಂತ ಬರೆದಿಡಿ. ನಾಳ ಕಟ್ಟಿಕೊಂಡಿದ್ದರೆ ಅದನ್ನು ಬಿಡಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಸಾಗರದಿಂದ ಶಿವಮೊಗ್ಗಕ್ಕೆ 70 ಕಿಲೋಮೀಟರಿಗೂ ಹೆಚ್ಚು ದಾರಿ. ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ನಾವು ಮಾಡೋಣ

ಗಂಡನ ಮಾತ್ರೆ ತೀರಿದ್ದು ನಮಗೆ ನೆನಪಿರುತ್ತದೆ. ಮಾವನ ಬಿಪಿ ಎಷ್ಟು ಅಂತಲೂ ಗೊತ್ತು. ನಮ್ಮದು ಎಷ್ಟು? ಗೊತ್ತಿಲ್ಲ. "ನಂಗೇನಾಗಿದೆ" ಅಂತ ಸುಮ್ಮನಾಗುತ್ತೇವೆ. ಇಡೀ ಮನೆಯನ್ನು ಎತ್ತಿ ಹಿಡಿದ ಕೈ ಒಂದು ದಿನ ಏಳದಿದ್ದರೆ ಆ ಮನೆಯ ಗತಿ ಏನು?

ಒಂದು ನೋಟ್‌ಬುಕ್ ತನ್ನಿ. ಮೊದಲ ಹಾಳೆಯಲ್ಲಿ ನಿಮ್ಮ ಹೆಸರನ್ನು ನೀವೇ ಬರೆಯಿರಿ. ಅದರ ಕೆಳಗೆ ಹೀಗೆ ಬರೆಯಿರಿ:

ತಾರೀಕು ........
ಮೇಲಿನ ಅಂಕೆ ........
ಕೆಳಗಿನ ಅಂಕೆ ........
ಉಪ್ಪಿನ ಪ್ಯಾಕೆಟ್ ಒಡೆದ ದಿನ ........
ಮುಗಿದ ದಿನ ........

ಈ ವಾರ ಆರೋಗ್ಯ ಕೇಂದ್ರಕ್ಕೆ ಹೋಗುವಾಗ ಒಬ್ಬರೇ ಹೋಗಬೇಡಿ. ಕಲಿಕಾ ಕೇಂದ್ರದ ಗೆಳತಿಯರೆಲ್ಲ ಸೇರಿ ಹೋಗಿ. ಬಂದ ಮೇಲೆ ನಿಮ್ಮ ಅಂಕೆಯನ್ನು ಗಟ್ಟಿಯಾಗಿ ಓದಿ.